ಪದಚರ್ಚೆ: ಥ್ರೆಡ್ ಲಿಫ್ಟ್‌ನ ‘ಬಾಳಿಕೆ’ ಅಂದರೆ ಯಾವುದರ ಬಾಳಿಕೆ?

ಗೆಳೆಯರೆ,

ಚರ್ಮದ ಆಸ್ಪತ್ರೆಯೊಂದಕ್ಕಾಗಿ ರೋಗಿಗಳ ಕೈಗೆ ಕೊಡುವ ಮಾಹಿತಿ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ ಥ್ರೆಡ್ ಲಿಫ್ಟ್. ವಯಸ್ಸಾದಂತೆ ಇಳಿಬೀಳುವ ಕೆನ್ನೆ, ದವಡೆಯಂಚುಗಳನ್ನು ಚರ್ಮದಡಿ ದಾರ ತೂರಿಸಿ ಮೇಲಕ್ಕೆಳೆದು ನಿಲ್ಲಿಸುವ ಚಿಕಿತ್ಸೆ. ನಾಲ್ಕು ಪುಟದಲ್ಲಿ ನಾನು ಸಿಕ್ಕಿಕೊಂಡಿರುವುದು ಒಂದೇ ಸಾಲಿನಲ್ಲಿ. ಹಳೆಯ ಅನುವಾದದಲ್ಲಿ ಅದು ಹೀಗಿದೆ: ‘ಥ್ರೆಡ್‌ನ ಬಾಳಿಕೆ 12ರಿಂದ 18 ತಿಂಗಳು.’ ಇದನ್ನು ಓದಿ ಚಿಕಿತ್ಸೆ ಮಾಡಿಸಿಕೊಂಡ ಹೆಂಗಸೊಬ್ಬರು ಏಳನೇ ತಿಂಗಳಲ್ಲಿ ಬಂದು, ‘ದಾರ ಇನ್ನೂ ಒಳಗೇ ಇರಬೇಕಲ್ಲ, ಮತ್ತೆ ಕೆನ್ನೆ ಯಾಕೆ ಇಳೀತು?’ ಎಂದು ಕೇಳಿದರಂತೆ. ಅವರು ಓದಿದ್ದು ಸರಿಯಾಗಿಯೇ ಇದೆ. ವಾಕ್ಯವೇ ತಪ್ಪು.

ಯಾಕೆ ತಪ್ಪು ಎಂದು ಹೇಳಲು ಸ್ವಲ್ಪ ವೈದ್ಯಕೀಯ ಬೇಕಾಗುತ್ತದೆ. ಈ ದಾರಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಪಿಡಿಒ, ಅಂದರೆ ಪಾಲಿಡಯಾಕ್ಸನೋನ್. ಶಸ್ತ್ರಚಿಕಿತ್ಸೆಯ ಹೊಲಿಗೆಗೆ 1980ರ ದಶಕದಿಂದ ಬಳಸುತ್ತಿರುವ ವಸ್ತು ಅದು. ಮೈಯೊಳಗಿನ ನೀರು ಅದನ್ನು ಒಳಗಿಂದೊಳಗೇ ತುಂಡರಿಸುತ್ತ ಹೋಗಿ ಸುಮಾರು ಆರೇಳು ತಿಂಗಳಲ್ಲಿ ದಾರವೇ ಇಲ್ಲದಂತಾಗುತ್ತದೆ. ಆದರೆ ಎಳೆತ ತಾಳುವ ಶಕ್ತಿ ಅಷ್ಟು ದಿನ ಇರುವುದಿಲ್ಲ. ಆರು ವಾರದ ಹೊತ್ತಿಗೇ ಹೆಚ್ಚುಕಡಿಮೆ ಅರ್ಧ ಹೋಗಿರುತ್ತದೆ. ಇತ್ತ ಮೈ ಆ ದಾರದ ಸುತ್ತ ತಾನೇ ಕೊಲಾಜನ್ ನಾರು, ಅಂದರೆ ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನಿನ ನಾರು, ಕಟ್ಟುತ್ತದೆ. ದಾರ ಹೋದ ಮೇಲೂ ಆ ನಾರು ಕೆಲವು ಕಾಲ ಚರ್ಮವನ್ನು ಹಿಡಿದಿರಬಹುದು. ಪಿಎಲ್‌ಎಲ್‌ಎ, ಪಿಸಿಎಲ್ ಎಂಬ ಬೇರೆ ದಾರಗಳು ಕರಗಲು ಒಂದು ವರ್ಷ, ಎರಡು ವರ್ಷ ತೆಗೆದುಕೊಳ್ಳುತ್ತವೆ. ಹಾಗೆಂದು ಅಷ್ಟು ದಿನವೂ ಮುಖ ಮೊದಲ ದಿನದಂತೆ ಬಿಗಿಯಾಗಿರುತ್ತದೆ ಎಂದಲ್ಲ.

ಅಂದರೆ ಇಲ್ಲಿ ಮೂರು ಆಯುಸ್ಸುಗಳಿವೆ. ದಾರದ ಹಿಡಿತಕ್ಕೆ ಒಂದು, ದಾರಕ್ಕೇ ಒಂದು, ಮುಖದ ಬಿಗಿಗೆ ಒಂದು. ‘ಬಾಳಿಕೆ’ ಎಂಬ ಒಂದೇ ಪದ ಮೂರನ್ನೂ ನುಂಗಿಬಿಟ್ಟಿದೆ.

ನನ್ನ ಮೊದಲ ಪ್ರಶ್ನೆ ಈ ಪದದ್ದೇ. ‘ಬಾಳಿಕೆ ಬರುತ್ತದೆ’ ಎಂದು ನಾವು ಚಪ್ಪಲಿಗೆ, ಕೊಡಪಾನಕ್ಕೆ, ಸೀರೆಗೆ ಹೇಳುತ್ತೇವೆ. ಅಲ್ಲಿ ವಸ್ತು ಇರುವುದೂ ಉಪಯೋಗಕ್ಕೆ ಬರುವುದೂ ಒಂದೇ. ಚಪ್ಪಲಿ ಮಾಯವಾಗಿ ಅದರ ಉಪಯೋಗ ಉಳಿಯುವ ಸಂಗತಿಯೇ ಇಲ್ಲ. ವಸ್ತು ಹೋಗಿ ಗುಣ ಉಳಿಯುವ ಕಡೆ ಕನ್ನಡಿಗರ ಬಾಯಲ್ಲಿ ಬರುವುದು ‘ನಿಲ್ಲು’. ಮದರಂಗಿ ಒಣಗಿ ಉದುರಿಹೋದ ಮೇಲೆ ‘ಬಣ್ಣ ಎಷ್ಟು ದಿನ ನಿಲ್ಲುತ್ತೆ?’ ಎನ್ನುತ್ತೇವೆ, ‘ಎಷ್ಟು ದಿನ ಬಾಳಿಕೆ ಬರುತ್ತೆ’ ಎನ್ನುವುದಿಲ್ಲ. ಆಸ್ಪತ್ರೆಯಲ್ಲಿ ಕುಳಿತು ಕೇಳಿಸಿಕೊಂಡಾಗಲೂ ಜನ ವೈದ್ಯರನ್ನು ಕೇಳುತ್ತಿದ್ದುದು ‘ಇದು ಎಷ್ಟು ದಿನ ನಿಲ್ಲುತ್ತೆ ಡಾಕ್ಟ್ರೇ?’ ಎಂದೇ. ಆದರೆ ಈ ಕ್ರಿಯಾಪದಕ್ಕೆ ಒಗ್ಗುವ ನಾಮಪದ ಸಿಗುತ್ತಿಲ್ಲ. ‘ನಿಲುಗಡೆ’ ಬಸ್ಸಿಗೆ ಹೋಯಿತು, ‘ನಿಲುವು’ ಅಭಿಪ್ರಾಯಕ್ಕೆ ಹೋಯಿತು. ‘ಫಲಿತಾಂಶದ ಅವಧಿ’ ಎಂದರೆ ಪರೀಕ್ಷೆಯೋ ಚುನಾವಣೆಯೋ ನೆನಪಾಗುತ್ತದೆ. ‘ಪರಿಣಾಮ’ ಎಂದರೆ ಆಸ್ಪತ್ರೆಯ ಕಾಗದದಲ್ಲಿ ಜನ ಕೆಟ್ಟ ಪರಿಣಾಮ ಎಂದೇ ಓದುತ್ತಾರೆ.

‘ಕರಗುವ ದಾರ’ ಎಂಬುದನ್ನು ಉಳಿಸಿಕೊಂಡಿದ್ದೇನೆ. ಹೆರಿಗೆ ವಾರ್ಡುಗಳಲ್ಲಿ ‘ಕರಗೋ ಹೊಲಿಗೆ ಹಾಕಿದಾರೆ, ಬಿಚ್ಚಿಸೋ ಹಾಗಿಲ್ಲ’ ಎನ್ನುವ ಮಾತು ಎಲ್ಲರಿಗೂ ಗೊತ್ತು. ‘ಹೀರಲ್ಪಡುವ’ ಎಂಬ ಪುಸ್ತಕದ ಪದ ಅದರ ಮುಂದೆ ನಿಲ್ಲಲಾರದು. ಒಂದೇ ಅಳುಕು: ಜಾಹೀರಾತುಗಳು ‘ಕೊಬ್ಬು ಕರಗಿಸಿ’ ಎಂದು ಕೂಗಿ ಕೂಗಿ, ‘ಮುಖಕ್ಕೆ ಕರಗುವ ದಾರ’ ಎಂದರೆ ಕೆನ್ನೆಯ ಕೊಬ್ಬನ್ನು ಕರಗಿಸುವ ದಾರ ಎಂದು ತಿಳಿದವರೂ ಇದ್ದಾರೆ. ಅದಕ್ಕೇ ‘ತಾನೇ ಕರಗಿಹೋಗುವ ದಾರ’ ಎಂದು ಬರೆದೆ.

ಇನ್ನು ಥ್ರೆಡ್‌ಗೆ ‘ದಾರ’ ಸಾಕೇ? ‘ಮುಖಕ್ಕೆ ಥ್ರೆಡ್ ಮಾಡಿಸಿದೆ’ ಎಂದರೆ ಕರ್ನಾಟಕದ ಯಾವ ಊರಿನಲ್ಲೂ ಬ್ಯೂಟಿ ಪಾರ್ಲರಿನಲ್ಲಿ ಹುಬ್ಬು ತೀಡಿಸಿದ್ದು ಎಂದೇ ಅರ್ಥ. ‘ದಾರ ಕಟ್ಟಿಸಿಕೊಂಡೆ’ ಎಂದರೆ ಭಯಕ್ಕೋ ದೃಷ್ಟಿಗೋ ಮಂತ್ರಿಸಿದ ದಾರ. ‘ನೂಲು’ ಬಟ್ಟೆಗಾಯಿತು. ‘ಎಳೆ’ ನನಗೆ ಬಹಳ ಇಷ್ಟವಾದ ಪದ. ಇಂದಿನ ಕನ್ನಡದಲ್ಲಿ ಅದು ದಾರದ ಎಳೆಯೂ ಹೌದು, ಜಗ್ಗುವ ಎಳೆಯೂ ಹೌದು, ಎಳೆಯ ವಯಸ್ಸಿನ ಎಳೆಯೂ ಹೌದು. ಈ ಚಿಕಿತ್ಸೆಯ ಸಾಧನ, ಕ್ರಿಯೆ, ಆಸೆ ಮೂರೂ ಒಂದೇ ಪದದಲ್ಲಿ! ಹಳಗನ್ನಡದಲ್ಲಿ ಮೊದಲೆರಡು ‘ಎೞೆ’ (ಈಗ ಬಳಕೆ ತಪ್ಪಿದ ೞ ಅಕ್ಷರದ್ದು), ಕೊನೆಯದು ಮಾತ್ರ ಳಕಾರದ್ದು. ತಮಿಳಿನಲ್ಲಿ ‘ಇೞೈ’, ‘ಇೞು’, ‘ಇಳ’ ಎಂದು ಇಂದಿಗೂ ಬೇರೆಬೇರೆಯಾಗಿವೆ. ಆದರೆ ಮಾಹಿತಿ ಪತ್ರದಲ್ಲಿ ‘ಎಳೆ ಎಳೆದು’ ಎಂದು ಬರೆದರೆ ಓದುವವರು ಎಡವುತ್ತಾರೆ. ಮನಸ್ಸಿಲ್ಲದೆ ಬಿಟ್ಟೆ.

‘ಲಿಫ್ಟ್’ ಇನ್ನೂ ಕಷ್ಟ. ‘ಎತ್ತಿಕಟ್ಟು’ ಎಂದರೆ ಒಬ್ಬರ ಮೇಲೊಬ್ಬರನ್ನು ಛೂ ಬಿಡುವುದು. ‘ಜೋಲುಬಿದ್ದ ಮುಖ’ ಎಂದು ಬರೆದರೆ ದುಃಖದ ಮೋರೆಯಾಯಿತು, ಕೇಳಿದವರಿಗೆ ನೋವಾಗುತ್ತದೆ. ‘ಮುಖ ಇಳಿದಿದೆ’ ಎಂದರೆ ದಣಿವು. 1990ರ ದಶಕದಲ್ಲಿ ರಷ್ಯಾದಲ್ಲಿ ಮಾರ್ಲೆನ್ ಸುಲಮನಿಡ್ಜೆ ಎಂಬ ಶಸ್ತ್ರವೈದ್ಯರು ಮುಳ್ಳುಗಳಿರುವ ದಾರವನ್ನು ಬಳಕೆಗೆ ತಂದಾಗ ಅದಕ್ಕಿಟ್ಟ ಹೆಸರು ‘ಆಪ್ಟೋಸ್’. ‘ಪ್ಟೋಸಿಸ್’ ಎಂದರೆ ಗ್ರೀಕಿನಲ್ಲಿ ಬೀಳುವಿಕೆ, ಅದಕ್ಕೆ ವಿರುದ್ಧವಾದದ್ದು ಎಂಬ ಭಾವ. ಆ ಜಾಡಿನಲ್ಲಿ ‘ಇಳಿಬಿದ್ದದ್ದನ್ನು ಬಿಗಿಮಾಡುವುದು’ ಎಂದು ಇಟ್ಟುಕೊಂಡಿದ್ದೇನೆ. ಉದ್ದವಾಯಿತು, ಆದರೆ ಯಾರನ್ನೂ ಚುಚ್ಚುವುದಿಲ್ಲ.

ಈ ಮುಳ್ಳುಗಳಿಗೂ ಪದ ಬೇಕು. ಓರೆಯಾಗಿ ಬಾಗಿದ ಸಣ್ಣ ಮುಳ್ಳುಗಳು, ಉತ್ತರಾಣಿ ಕಡ್ಡಿಯ ಕಾಯಿಗಳು ಪಂಚೆಗೆ ಹತ್ತುವಂತೆ ಮಾಂಸವನ್ನು ಕಚ್ಚಿ ಹಿಡಿಯುತ್ತವೆ. ‘ಮುಳ್ಳುದಾರ’ ಎಂದರೆ ಬೇಲಿಯ ಮುಳ್ಳುತಂತಿ ಕಣ್ಣಿಗೆ ಬರುತ್ತದೆ. ‘ಕೊಕ್ಕೆದಾರ’ ಎಂದಿದ್ದೇನೆ. ಆದರೆ ಕೊಕ್ಕೆಯಿದ್ದರೂ ಹಿಡಿತ ತಪ್ಪುವುದುಂಟು. ಬೇಯಿಸಿದ ಮೊಟ್ಟೆಯನ್ನು ದಾರದಿಂದ ಸೀಳುತ್ತಾರಲ್ಲ, ಹಾಗೆ ದಾರ ಮೆತ್ತನೆಯ ಕೊಬ್ಬನ್ನು ಸೀಳಿಕೊಂಡು ಜಾರಿದರೆ, ದಾರ ಕರಗುವ ಮೊದಲೇ ಬಿಗಿ ಹೋಗುತ್ತದೆ. ಮೊದಲ ಕೆಲವು ವಾರ ಬಾಯಿ ಅಗಲ ತೆರೆಯಬೇಡಿ, ಹಲ್ಲಿನ ಚಿಕಿತ್ಸೆ ಮುಂದೂಡಿ, ಮುಖ ಉಜ್ಜಬೇಡಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಕೊನೆಯದು ವ್ಯಾಕರಣದ ಪ್ರಶ್ನೆ. ಹಳೆಯ ಪತ್ರದಲ್ಲಿ ‘ಫಲಿತಾಂಶದ ಬಾಳಿಕೆಯು ವಯಸ್ಸು, ಚರ್ಮದ ಗುಣಮಟ್ಟ, ಜೀವನಶೈಲಿ ಮುಂತಾದ ಅಂಶಗಳನ್ನು ಅವಲಂಬಿಸಿರುತ್ತದೆ’ ಎಂದಿದೆ. ಇದನ್ನು ಓದಿ ಯಾರಿಗೂ ತಮ್ಮ ಕೆನ್ನೆಯ ಬಗ್ಗೆ ಏನೂ ತಿಳಿಯುವುದಿಲ್ಲ. ‘ಅವಲಂಬಿಸಿರುತ್ತದೆ’ ಎನ್ನುವುದು ಯಾವ ಕಡೆಗೆ ಎಂದು ಹೇಳುವುದೇ ಇಲ್ಲ. ನಮ್ಮಲ್ಲಿ ‘-ಷ್ಟೂ’ ಇದೆಯಲ್ಲ: ಕೆನ್ನೆ ಭಾರವಾದಷ್ಟೂ, ಚರ್ಮ ಸಡಿಲವಾದಷ್ಟೂ ಬೇಗ ಇಳಿಯುತ್ತದೆ. ಬೀಡಿ ಸಿಗರೇಟು ಸೇದಿದಷ್ಟೂ, ಬಿಸಿಲಿಗೆ ಮುಖ ಒಡ್ಡಿದಷ್ಟೂ ಕೊಲಾಜನ್ ಕೆಡುತ್ತದೆ. ತೂಕ ಏರಿಳಿದಷ್ಟೂ ಬಿಗಿ ತಪ್ಪುತ್ತದೆ. ದಾರದ ತುದಿ ಕಣತಲೆಯ ಗಟ್ಟಿ ಪೊರೆಯಲ್ಲಿ ಕೂತಿದೆಯೋ ಮೆತ್ತನೆಯ ಕೊಬ್ಬಿನಲ್ಲಿ ಕೂತಿದೆಯೋ ಎಂಬುದು ವೈದ್ಯರ ಕೈಯಲ್ಲಿದೆ, ಅದನ್ನೂ ಬರೆದಿದ್ದೇನೆ. ಪಟ್ಟಿಗಿಂತ ಇದು ವಾಸಿ ಎಂದು ನನ್ನ ನಂಬಿಕೆ.

ಬಾಳಿಕೆಯ ಸಾಲನ್ನು ಹೀಗೆ ಒಡೆದಿದ್ದೇನೆ:

‘ಪಿಡಿಒ ದಾರ ಸುಮಾರು 6–7 ತಿಂಗಳಲ್ಲಿ ತಾನೇ ಕರಗಿಹೋಗುತ್ತದೆ. ಅದರ ಹಿಡಿತ ಅದಕ್ಕೂ ಮೊದಲೇ ಸಡಿಲಾಗುತ್ತ ಬರುತ್ತದೆ. ಮುಖದ ಬಿಗಿ ಎಷ್ಟು ದಿನ ನಿಲ್ಲುತ್ತದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ. ವರ್ಷದೊಳಗೆ ಇಳಿಯುವುದೂ ಉಂಟು.’

ಆಸ್ಪತ್ರೆಯವರು ತಲೆಬರಹಕ್ಕೆ ನಾಮಪದವೇ ಬೇಕು ಎನ್ನುತ್ತಿದ್ದಾರೆ. ‘ಎಷ್ಟು ದಿನ ನಿಲ್ಲುತ್ತದೆ?’ ಎಂಬ ಪ್ರಶ್ನೆಯನ್ನೇ ತಲೆಬರಹ ಮಾಡಬಾರದೇ? ಧಾರವಾಡ, ಬೆಳಗಾವಿ ಕಡೆ ‘ಎಷ್ಟ್ ದಿನಾ ತಡೀತದ’, ‘ಎಷ್ಟ್ ದಿನಾ ತಾಳತದ’ ಎರಡನ್ನೂ ಕೇಳಿದ್ದೇನೆ. ವಸ್ತು ಹೋಗಿ ಗುಣ ಮಾತ್ರ ಉಳಿದಾಗ ಅಲ್ಲಿನವರು ಇವೆರಡರಲ್ಲಿ ಯಾವುದನ್ನು ಆಡುತ್ತೀರಿ? ಹಗ್ಗ, ಲಾಡಿ, ಹೊಲಿಗೆಗಳು ಕಿತ್ತುಹೋಗದೆ ಬರೀ ಹಿಡಿತ ಕಳೆದುಕೊಳ್ಳುವುದಕ್ಕೆ ನೇಕಾರರ, ದರ್ಜಿಗಳ ಮಾತಿನಲ್ಲಿ ‘ಸಡಿಲು’ ಅಲ್ಲದೆ ಬೇರೆ ಪದವಿದ್ದರೆ ಅದೂ ಬೇಕು. ಪತ್ರ ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ.