ಸಹಾಯ ಬೇಕು: ಆನ್‌ಲೈನ್ ವಂಚನೆ ಕೇಸು ಯಾವ ಊರಿನ ಕೋರ್ಟಲ್ಲಿ ನಡೆಯುತ್ತೆ?

ಅಮ್ಮ ಇರೋದು ಮಲೆನಾಡಿನ ಹಳ್ಳಿಲಿ, ಅಕೌಂಟ್ ಬೆಂಗಳೂರಿನ ಬ್ರಾಂಚಲ್ಲಿ. "ಇವತ್ತು ರಾತ್ರಿ 9.30ಕ್ಕೆ ನಿಮ್ಮ ಕರೆಂಟ್ ಕಟ್" ಅಂತ ಮೆಸೇಜು, ಹಿಂದೇನೇ ಫೋನು, 48,000 ಹೋಯ್ತು. ದುಡ್ಡು ಸೇರಿದ್ದು ಜೈಪುರದ ಯಾವುದೋ ಖಾತೆಗೆ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಆಗಲೇ ಹೇಳಿದ್ದೀವಿ. ಊರಿನ ಠಾಣೆಯವರು "ಬೆಂಗಳೂರಲ್ಲಿ ಕೊಡಿ" ಅಂತಾರೆ, ಅಲ್ಲಿ "ಫೋನ್ ಬಂದಿದ್ದು ನಿಮ್ಮೂರಿಗಲ್ವಾ" ಅಂತಾರೆ. ಒಳ್ಳೇ ಫುಟ್ಬಾಲು!

ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಕ್ರಿಮಿನಲ್ ಪ್ರಕ್ರಿಯೆಯ ಕಾನೂನು) ಸೆಕ್ಷನ್ 173ರ ಪ್ರಕಾರ ಯಾವ ಠಾಣೆಲಾದ್ರೂ ದೂರು ಕೊಡಬಹುದು, ಅದು ಗೊತ್ತು. ಗೊಂದಲ ಇರೋದು ವಿಚಾರಣೆ ಬಗ್ಗೆ. ಅದೇ ಕಾನೂನಿನ ಸೆಕ್ಷನ್ 202 ಓದಿದ್ರೆ ಮೆಸೇಜ್ ಕಳಿಸಿದ ಜಾಗ, ಬಂದ ಜಾಗ, ಹಣ ಕೊಟ್ಟ ಜಾಗ, ಆರೋಪಿಗೆ ಸಿಕ್ಕ ಜಾಗ, ಎಲ್ಲಾ ಕಡೆಯ ಕೋರ್ಟಿಗೂ ಅಧಿಕಾರ ಇದೆ. ಹಾಗಾದ್ರೆ ಆಯ್ಕೆ ಯಾರದ್ದು? ನಮ್ಮೂರಲ್ಲೇ ಎಫ್‌ಐಆರ್ ಆದ್ರೆ ಕೇಸೂ ಇಲ್ಲೇ ನಡೆಯುತ್ತಾ, ಇಲ್ಲಾ ಮಂಡಿನೋವಿನ ಅಮ್ಮ ಸಾಕ್ಷಿ ಹೇಳೋಕೆ ಜೈಪುರಕ್ಕೆ ಹೋಗಬೇಕಾ? ವಕೀಲರಿದ್ರೆ ದಯವಿಟ್ಟು ತಿಳಿಸಿ.