ದೊಡ್ಡಪ್ಪನ ಬ್ಲಡ್ ಗ್ರೂಪ್, ಮಾವನ ಫಾರ್ವರ್ಡ್

ಮಾವ: (ಫಾರ್ವರ್ಡ್) "ಬ್ಲಡ್ ಗ್ರೂಪ್ ಹುಟ್ಟಿದಾಗಿನಿಂದ ಸಾಯುವವರೆಗೂ ಒಂದೇ. ಬೇರೆ ಬಂತು ಅಂದರೆ ಲ್ಯಾಬ್‌ನವರ ಮೋಸ. ಎಲ್ಲರಿಗೂ ಕಳಿಸಿ."

ಮಾವ: ನೋಡು ಗಿರೀಶ. ನಿಮ್ಮಪ್ಪನದ್ದು ಎ ಪಾಸಿಟಿವ್ ಅಂತ ಲೈಸೆನ್ಸ್‌ನಲ್ಲೇ ಇದೆ. ಈಗ ಓ ಥರ ಕಾಣ್ತಿದೆ, ಇನ್ನೊಂದು ಸ್ಯಾಂಪಲ್ ಕೊಡಿ ಅಂದರೆ ಏನರ್ಥ?

ಗಿರೀಶ: ಹಿಮೋಗ್ಲೋಬಿನ್ 6ಕ್ಕೆ ಇಳಿದಿದೆ ಮಾವ. ಬೆಳಿಗ್ಗೆಯಿಂದ ಕಾಯಿಸುತ್ತಿದ್ದಾರೆ. ನಿಮ್ಮ ಮೆಸೇಜ್ ಓದಿ ಅಮ್ಮ ನರ್ಸ್ ಜೊತೆ ಜಗಳಕ್ಕೆ ನಿಂತಿದ್ದಾಳೆ.

ಸೌಮ್ಯ: ಮಾವ, ಮೊದಲು ಅದನ್ನು ಡಿಲೀಟ್ ಮಾಡಿ. ಬ್ಲಡ್ ಬ್ಯಾಂಕ್‌ನಲ್ಲಿ ನಾನು ದಿನಾ ಮಾಡೋ ಕೆಲಸ ಇದು. ಗ್ರೂಪನ್ನು ಎರಡು ಕಡೆಯಿಂದ ನೋಡುತ್ತೇವೆ. ಕೆಂಪು ಕಣದ ಮೇಲೆ ಎ, ಬಿ ಆಂಟಿಜೆನ್, ಅಂದರೆ ಗ್ರೂಪಿನ ಗುರುತು, ಇದೆಯಾ ಅಂತ ಒಂದು. ಸೀರಮ್‌ನಲ್ಲಿ, ಅಂದರೆ ರಕ್ತದ ತಿಳಿಯಲ್ಲಿ, ಬೇರೆ ಗ್ರೂಪಿನ ಕಣಗಳ ಮೇಲೆ ಬೀಳುವ ಯಾವ ಆಂಟಿಬಾಡಿ ಇದೆ ಅಂತ ಇನ್ನೊಂದು. ಎರಡೂ ತಾಳೆಯಾಗಬೇಕು. ದೊಡ್ಡಪ್ಪನದು ಎಎಂಎಲ್ ಅನ್ನೋ ರಕ್ತದ ಕ್ಯಾನ್ಸರ್ ಅಲ್ವಾ? ಆ ಲ್ಯುಕೇಮಿಯಾದಲ್ಲಿ ಎ ಆಂಟಿಜೆನ್ ತೀರಾ ಕಡಿಮೆಯಾಗಿ ಓ ಥರ ಕಾಣಬಹುದು. ನಿಜವಾದ ಓ ಆಗಿದ್ದರೆ ಸೀರಮ್‌ನಲ್ಲಿ ಆಂಟಿ-ಎ, ಆಂಟಿ-ಬಿ ಎರಡೂ ಇರಬೇಕಿತ್ತು. ಗಿರೀಶ ಹಾಕಿದ ರಿಪೋರ್ಟ್ ಫೋಟೋದಲ್ಲಿ ಕೆಳಗಿನ ಸಾಲು ನೋಡಿ, ಆಂಟಿ-ಬಿ ಮಾತ್ರ ಇದೆ, ಅದು ಎ ಗ್ರೂಪಿನವರಲ್ಲಿ ಇರೋದು. ಅದಕ್ಕೇ ಅವರು ತಡೆದಿದ್ದು.

ಮಾವ: ಅಂದರೆ ಬದಲಾಗಿಲ್ಲ. ಫಾರ್ವರ್ಡ್ ಸರಿಯಾಗೇ ಇದೆಯಲ್ಲ?

ಸೌಮ್ಯ: ಮೋಸ ಅಂದಿದ್ದೂ ಸರಿನಾ? ಇನ್ನು ಬೇರೆ ಗ್ರೂಪಿನವರ ಅಸ್ಥಿಮಜ್ಜೆ ಕಸಿ ಮಾಡಿದರೆ ಗ್ರೂಪ್ ನಿಜಕ್ಕೂ ಬದಲಾಗುತ್ತದೆ. ಸಾಯುವವರೆಗೂ ಒಂದೇ ಅನ್ನೋದೂ ಸುಳ್ಳು.

ಚಿಕ್ಕಮ್ಮ: ಆಯ್ತು ಕಣೆ, ಅಲ್ಲಿವರೆಗೆ ಸುಮ್ನೆ ಕಾಯೋದಾ?

ಸೌಮ್ಯ: ಇಲ್ಲ ಚಿಕ್ಕಮ್ಮ. ತುರ್ತಿದ್ದರೆ ಕ್ರಾಸ್‌ಮ್ಯಾಚ್ ಮಾಡಿ, ಅಂದರೆ ರೋಗಿಯ ರಕ್ತಕ್ಕೆ ಹೊಂದುತ್ತಾ ಅಂತ ನೋಡಿ, ಓ ಗ್ರೂಪಿನ ಪ್ಯಾಕ್ಡ್ ಸೆಲ್ (ಬೇರ್ಪಡಿಸಿದ ಕೆಂಪು ಕಣ) ಕೊಡುತ್ತಾರೆ. ಓ ಕಣದಲ್ಲಿ ಎ-ನೂ ಇಲ್ಲ, ಬಿ-ನೂ ಇಲ್ಲ. ಡಾಕ್ಟರನ್ನು ಅದನ್ನೇ ಕೇಳಿ.

ಗಿರೀಶ: ನಾನೂ ಎ ಪಾಸಿಟಿವ್. ನಾನೇ ಕೊಡಲಾ?

ಸೌಮ್ಯ: ಅಪ್ಪನಿಗೆ ಬೇಡ. ಹತ್ತಿರದ ಸಂಬಂಧಿಕರ ರಕ್ತದಲ್ಲಿರುವ ಬಿಳಿ ಕಣಗಳು ರೋಗಿಯ ಮೈಮೇಲೇ ತಿರುಗಿಬೀಳಬಹುದು, ರೇಡಿಯೇಷನ್ ಹಾಯಿಸದೆ ಕೊಡುವಂತಿಲ್ಲ. ನಾಳೆ ಅಸ್ಥಿಮಜ್ಜೆ ಕೊಡಬೇಕಾದವನೂ ನೀನೇ ಆಗಬಹುದು. ಕೊಡಲೇಬೇಕು ಅಂದರೆ ಬೇರೆಯವರಿಗೆ ಕೊಡು.

ಸೌಮ್ಯ: ಬ್ಲಡ್ ಬ್ಯಾಂಕ್ ಚೀಟಿಯಲ್ಲಿ ಕಾಯಿಲೆ, ಹಿಂದೆ ರಕ್ತ ಹಾಕಿಸಿದ್ದು, ಈಗಿನ ಔಷಧ ಎಲ್ಲ ಬರೆಸು. ಇದನ್ನೇ ಜಾಸ್ತಿ ಜನ ಬಿಡೋದು. ಉದಾಹರಣೆಗೆ, ಮೈಲೋಮಾ ಅನ್ನೋ ಇನ್ನೊಂದು ರಕ್ತದ ಕ್ಯಾನ್ಸರ್‌ಗೆ ಕೊಡುವ ಡಾರಾಟುಮುಮಾಬ್ ಔಷಧ ಕೆಂಪು ಕಣಕ್ಕೂ ಅಂಟಿಕೊಳ್ಳುತ್ತದೆ. ಅದು ಗೊತ್ತಿಲ್ಲದಿದ್ದರೆ ಯಾವ ಬಾಟಲಿ ತೆಗೆದರೂ ಹೊಂದುವುದಿಲ್ಲ ಅಂತಲೇ ಬರುತ್ತದೆ, ನಾವು ರಾತ್ರಿಯೆಲ್ಲ ಹುಡುಕುತ್ತಾ ಕೂರಬೇಕು.

ಗಿರೀಶ: ಹೋದ ತಿಂಗಳು ಊರಲ್ಲಿ ಎರಡು ಬಾಟಲಿ ಹಾಕಿಸಿದ್ದೆವು. ಹೇಳೇ ಇಲ್ಲ. ಈಗಲೇ ಹೋಗುತ್ತೇನೆ.

ಮಾವ: ಎಲ್ಲ ಸರಿ. ಎರಡನೇ ಸ್ಯಾಂಪಲ್‌ಗೂ ಬಿಲ್ ಹಾಕುತ್ತಾರಾ?

ಸೌಮ್ಯ: ಅದನ್ನು ಕೌಂಟರ್‌ನಲ್ಲಿ ಕೇಳಿ ಮಾವ.