ಥಾಯ್ ಭಾಷೆಯಲ್ಲಿ ‘ರೆ’ ಇಲ್ವಾ?

ಗುಂಪು: ಅಜ್ಜಿ ಮನೆ

ಮಾವ: (ಫಾರ್ವರ್ಡ್ ಮಾಡಿದ ಚಿತ್ರ) “ಥಾಯ್ ಭಾಷೆಯಲ್ಲಿ ಕ್ರಿಯಾಪದ ಬದಲಾಗುವುದೇ ಇಲ್ಲ. ಹಾಗಾಗಿ ಅದಕ್ಕೆ ವ್ಯಾಕರಣವೇ ಇಲ್ಲ. ‘ಹೀಗಾಗಿದ್ದರೆ ಹಾಗಾಗುತ್ತಿತ್ತು’ ಎಂದು ಅವರು ಯೋಚಿಸಲಾರರು.”

ಮಾವ: ಬ್ಯಾಂಕಾಕ್‌ನಲ್ಲಿರುವವರು ಹೇಳಲಿ, ನಿಜಾನಾ?

ಅಕ್ಕ: ಮೊದಲ ಸಾಲು ನಿಜ ಮಾವ. ಉಳಿದೆರಡೂ ತಪ್ಪು. ಕೊನೆಯದನ್ನು ಓದಿ ಬೇಜಾರಾಯ್ತು. ದಿನಾ ಆ ಜನರ ಜೊತೆ ಮಾತಾಡುತ್ತೇನೆ.

ತಮ್ಮ: ಕ್ರಿಯಾಪದ ಬದಲಾಗದಿದ್ದರೆ ನಮ್ಮ ‘ಬಂದರೆ’, ‘ಹೋದರೆ’ಯ ‘ರೆ’ ಎಲ್ಲಿ ಹಚ್ಚುತ್ತಾರೆ?

ಅಕ್ಕ: ಹಚ್ಚುವುದಿಲ್ಲ. ‘ಥಾ’ ಅನ್ನೋ ಬೇರೆ ಪದವನ್ನೇ ಮುಂದೆ ಇಡುತ್ತಾರೆ. ಥಾ ಫೊನ್ ತೊಕ್, ಫೊಮ್ ಚ ಮೈ ಪೈ. ಮಳೆ ಬಿದ್ದರೆ ನಾನು ಹೋಗುವುದಿಲ್ಲ. ಫೊನ್ ಮಳೆ, ತೊಕ್ ಬೀಳು, ಫೊಮ್ ನಾನು (ಗಂಡಸರು ಹೇಳುವುದು), ಮೈ ಇಲ್ಲ, ಪೈ ಹೋಗು. ‘ಚ’ ಮುಂದೆ ಆಗುವುದಕ್ಕೆ. ಔಪಚಾರಿಕ ಬರವಣಿಗೆಯಲ್ಲಿ ಥಾ ಬದಲು ‘ಹಾಕ್’ ಕೂಡ ಬರುತ್ತದೆ.

ಅಕ್ಕ: ‘ಹೀಗೆ ಅಂದುಕೋ’ ಅನ್ನುವುದಕ್ಕೆ ‘ಸೊಮ್ಮುತ್ ವಾ’. ಸೊಮ್ಮುತ್ ಪಾಳಿ ಭಾಷೆಯಿಂದ ಥಾಯ್‌ಗೆ ಹೋದ ಪದ, ನಮ್ಮ ‘ಸಮ್ಮತಿ’ಯ ನೆಂಟ. ಯೋಚಿಸಲಾರದವರಿಗೆ ಇದು ಯಾಕೆ ಬೇಕಿತ್ತು ಹೇಳಿ?

ಮಾವ: ಸರಿ. ಆದರೆ ‘ಬಂದರೆ’ ಬೇರೆ, ‘ಬಂದಿದ್ದರೆ’ ಬೇರೆ. ಎರಡಕ್ಕೂ ಒಂದೇ ರೂಪ ಅಂದ್ರೆ ಅದು ಕೊರತೆ ಅಲ್ವಾ?

ಅಕ್ಕ: ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ನಮ್ಮ ಗಲ್ಲಿಯ ತುದಿಯಲ್ಲಿ ಒಬ್ಬ ಅಮ್ಮ ಬಾಳೆಹಣ್ಣು ಕರಿದು ಮಾರುತ್ತಾರೆ. ಬಂದ ಹೊಸದರಲ್ಲಿ ಒಂದು ಸಂಜೆ ‘ಫೊನ್ ತೊಕ್ ಕೋ ಮೈ ಖಾಯ್’ ಅಂದರು. ಮಳೆ ಬೀಳು, ಮಾರು ಇಲ್ಲ. ‘ಥಾ’ ಕೇಳಿಸಲಿಲ್ಲ, ನಾನು ಸುಮ್ನೆ ತಲೆಯಾಡಿಸಿದೆ. ಮರುದಿನ ಜೋರು ಮಳೆ. ಕೊಡೆ ಹಿಡಿದು ಹೋದೆ. ಗಾಡಿ ಇಲ್ಲ, ನೆಲದ ಮೇಲೆ ಎಣ್ಣೆಯ ಕಲೆ ಮಾತ್ರ. ಆಗ ಅರ್ಥವಾಯ್ತು, ಅವರು ಹೇಳಿದ್ದು ‘ಮಳೆ ಬಂದರೆ ಮಾರಲ್ಲ’ ಅಂತ. ಆ ಪುಟ್ಟ ‘ಕೋ’ ಒಂದೇ ಎರಡೂ ಮಾತನ್ನು ಕಟ್ಟಿತ್ತು.

ಚಿಕ್ಕಮ್ಮ: ನಾವೂ ಹಾಗೆ ಹೇಳ್ತೀವಲ್ಲ. ‘ಒಂದು ಹನಿ ಬೀಳಲಿ, ನಾನು ಒಳಗೆ.’ ಅದರಲ್ಲಿ ‘ರೆ’ ಎಲ್ಲಿದೆ?

ಅಕ್ಕ: ಅದೇ ಚಿಕ್ಕಮ್ಮ! ಇನ್ನು ಮಾವನ ‘ಬಂದಿದ್ದರೆ’. ಅದರ ಮಾರನೇ ದಿನ ಆ ಅಮ್ಮನೇ ಹೇಳಿದರು: ಥಾ ಮುಅವಾನ್ ಫೊನ್ ಮೈ ತೊಕ್, ಕೋ ಖಾಯ್ ಮೊತ್ ಪೈ ಲ್ಯಾವ್. ನಿನ್ನೆ ಮಳೆ ಬೀಳದಿದ್ದರೆ ಎಲ್ಲಾ ಮಾರಿ ಮುಗಿದಿರುತ್ತಿತ್ತು. ಮುಅವಾನ್ ಅಂದರೆ ನಿನ್ನೆ. ಮಳೆ ಬಿದ್ದದ್ದು ಇಬ್ಬರಿಗೂ ಗೊತ್ತು. ಕ್ರಿಯಾಪದ ಅದನ್ನು ಇನ್ನೊಮ್ಮೆ ಹೇಳಬೇಕಾಗಿಲ್ಲ. ಕೊನೆಯ ‘ಪೈ ಲ್ಯಾವ್’ ಆಗಿಹೋಗಬೇಕಿದ್ದ ಕೆಲಸವನ್ನು ತೋರಿಸುತ್ತದೆ. ಗುರುತು ಇದೆ ಮಾವ, ನಾವು ಹುಡುಕುವ ಜಾಗದಲ್ಲಿಲ್ಲ.

ತಮ್ಮ: ‘ಮುಅವಾನ್’, ‘ಪೈ ಲ್ಯಾವ್’ ಥರದ ಪದ ಇಲ್ಲದೆ ಸುಮ್ನೆ ‘ಥಾ ರೂ ಕೋ ಮೈ ಮಾ’ ಅಂದರೆ?

ಅಕ್ಕ: ‘ಗೊತ್ತಾದರೆ ಬರಲ್ಲ’ ಆಗಬಹುದು, ‘ಗೊತ್ತಿದ್ದರೆ ಬರುತ್ತಿರಲಿಲ್ಲ’ ಆಗಬಹುದು. ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಾ ಹೇಳಿದರೆ ಯಾರಿಗೂ ಗೊಂದಲವಾಗಲ್ಲ. ಬಂದಾಗಿದೆ.

ಮಾವ: ಒಪ್ಪಿದೆ. ನಮ್ಮ ವಾಕಿಂಗ್ ಗುಂಪಿಗೂ ಕಳಿಸಿದ್ದೆ, ಅಲ್ಲೂ ಅಳಿಸುತ್ತೇನೆ.

ತಮ್ಮ: ಥಾ ಫೊನ್ ತೊಕ್, ಕೋ ಫೊಮ್ ಮೈ ಪೈ. ಸರಿನಾ?

ಅಕ್ಕ: ‘ಫೊಮ್ ಕೋ’ ಅನ್ನು. ಇಂಥ ವಾಕ್ಯದಲ್ಲಿ ಕೋ ಕರ್ತೃವಿನ ನಂತರ.